ಅಮೆರಿಕ ಸಂಯುಕ್ತ ಸಂಸ್ಥಾನದ ಆದ್ಯ ರಾಜ್ಯಾಂಗ ಚರಿತ್ರೆ

ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರದಲ್ಲಿ ಚದುರಿ ನೆಲಸಿದ್ದ ಹದಿಮೂರು ಆಂಗ್ಲ ವಸಾಹತುಗಳು ಒಂದು ರಾಷ್ಟ್ರವಾಗಿ ಕೂಡಿಕೊಂಡು, ತಮ್ಮನ್ನು ಆಳತಕ್ಕ ಅಧಿಕಾರ ಯಾವುದು, ಅದರ ಎಲ್ಲೆ ಎಲ್ಲಿಯವರೆಗೆ, ಆ ಎಲ್ಲೆಯನ್ನು ಮೀರಿದಾಗ ಅದನ್ನು ತಡೆಯತಕ್ಕವರು ಯಾರು ಎಂಬೀ ಪ್ರಶ್ನೆಗಳಿಗೆ ಬರೆಹದ ಮೂಲಕ ಉತ್ತರ ಕಂಡುಕೊಂಡ ವೃತ್ತಾಂತವೇ ಅಮೆರಿಕದ ಆದ್ಯ ರಾಜ್ಯಾಂಗ ಚರಿತ್ರೆ. ಜೇಮ್ಸ್‌ಟೌನಿನ ಸ್ಥಾಪನೆಯಾದ 1607ರಿಂದ ಹಿಡಿದು, ಸರ್ವೋಚ್ಚ ನ್ಯಾಯಾಲಯವು ಕಾಂಗ್ರೆಸ್ಸಿನ ಕಾಯಿದೆಯೊಂದನ್ನು ಮೊದಲ ಬಾರಿಗೆ ಅಸಿಂಧುವೆಂದು ಸಾರಿದ 1803ರವರೆಗಿನ ಅವಧಿಯನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದೆ. ಈ ಎರಡು ಶತಮಾನಗಳ ಉದ್ದಕ್ಕೂ ಎರಡು ಎಳೆಗಳು ಒಂದನ್ನೊಂದು ಹೆಣೆದುಕೊಂಡು ಸಾಗುತ್ತವೆ: ಅಧಿಕಾರವನ್ನು ಯಾವ ಒಬ್ಬನ ಕೈಗೂ ಪೂರ್ತಿಯಾಗಿ ಒಪ್ಪಿಸಲಾಗದೆಂಬ ಆ ಜನರ ಆಳವಾದ ಶಂಕೆ ಒಂದು, ಸ್ವಾತಂತ್ರ್ಯವನ್ನು ಕುರಿತು ಅಷ್ಟು ಉಜ್ಜ್ವಲವಾಗಿ ಮಾತನಾಡಿದವರೇ ಗುಲಾಮರ ಒಡೆಯರಾಗಿಯೂ ಮೂಲನಿವಾಸಿಗಳ ನೆಲವನ್ನು ಕಸಿದವರಾಗಿಯೂ ಇದ್ದುದು ಮತ್ತೊಂದು. ಒಂದನ್ನು ಹೊಗಳಿ ಮತ್ತೊಂದನ್ನು ಮರೆಮಾಡುವ ಬರವಣಿಗೆ ಚರಿತ್ರೆಯೆನಿಸಲಾರದು.

ವಸಾಹತುಗಳ ಕಾಲ

ಲಂಡನ್ನಿನ ವರ್ಜೀನಿಯ ಕಂಪನಿಯೆಂಬ ವ್ಯಾಪಾರಸಂಘವು ದೊರೆ ಒಂದನೆಯ ಜೇಮ್ಸನಿಂದ ಸನ್ನದು ಪಡೆದು 1607ರಲ್ಲಿ ಜೇಮ್ಸ್‌ಟೌನನ್ನು ಸ್ಥಾಪಿಸಿದಾಗ, ಲಾಭವೇ ಅದರ ಮುಖ್ಯ ಗುರಿಯಾಗಿದ್ದಿತು. ಹಸಿವು, ಜ್ವರ, ಸುತ್ತಲಿನ ಪೌಹಾಟನ್ ಜನರೊಡನೆ ಕದನ ಇವುಗಳಿಂದ ಜರ್ಝರಿತವಾಗಿದ್ದ ಆ ನೆಲೆ ಹೊಗೆಸೊಪ್ಪಿನ ಬೇಸಾಯದಿಂದ ಚೇತರಿಸಿಕೊಂಡ ಮೇಲೆ, 1619ರ ಜುಲೈ 30ರಂದು, ನೆಲೆನೆಲೆಗಳಿಂದ ಆರಿಸಿಬಂದ ಪ್ರತಿನಿಧಿಗಳು ಅಲ್ಲಿನ ಚರ್ಚಿನಲ್ಲಿ ಸಭೆ ಸೇರಿದರು. ಹೌಸ್ ಆಫ್ ಬರ್ಜೆಸಸ್ ಎಂದು ಹೆಸರಾದ ಈ ಸಭೆಯೇ ಆಂಗ್ಲ ಅಮೆರಿಕದ ಪ್ರಥಮ ಪ್ರಾತಿನಿಧಿಕ ಶಾಸನಸಭೆ. ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ, ಆಫ್ರಿಕದಿಂದ ಸೆರೆಹಿಡಿದು ತಂದಿದ್ದ ಇಪ್ಪತ್ತಕ್ಕೆ ಮೇಲ್ಪಟ್ಟ ಮಂದಿಯನ್ನು ಹೊತ್ತ ಹಡಗೊಂದು ವರ್ಜೀನಿಯದ ಪಾಯಿಂಟ್ ಕಂಫರ್ಟ್ ಎಂಬಲ್ಲಿಗೆ ಬಂದು ಆ ನಿರ್ಭಾಗ್ಯರನ್ನು ಆಹಾರಸಾಮಗ್ರಿಗೆ ವಿನಿಮಯವಾಗಿ ಮಾರಿತು. ಜನಪ್ರತಿನಿಧಿ ಸಭೆಯೂ ಮನುಷ್ಯವಿಕ್ರಯವೂ ಒಂದೇ ನೆಲದಲ್ಲಿ ಒಂದೇ ತಿಂಗಳ ಅಂತರದಲ್ಲಿ ಕಾಲಿಟ್ಟುದನ್ನು ಓದುಗರು ಮುಂದಿನದೆಲ್ಲಕ್ಕೂ ಪೀಠಿಕೆಯಾಗಿ ನೆನಪಿನಲ್ಲಿಡಬೇಕು.

ಉತ್ತರದ ನ್ಯೂ ಇಂಗ್ಲೆಂಡ್ ಪ್ರಾಂತಕ್ಕೆ ಬಂದವರ ಉದ್ದೇಶ ಬೇರೆಯಾಗಿದ್ದಿತು. ಆಂಗ್ಲ ಚರ್ಚಿನ ವ್ಯವಸ್ಥೆಯಿಂದ ಬೇರ್ಪಟ್ಟು ತಮ್ಮ ಮತಾಚರಣೆಯನ್ನು ತಮಗೆ ತೋರಿದಂತೆ ನಡೆಸಬೇಕೆಂದು ಮೇಫ್ಲವರ್ ಎಂಬ ಹಡಗನ್ನೇರಿ ಬಂದ ಯಾತ್ರಿಕರು 1620ರ ನವೆಂಬರಿನಲ್ಲಿ, ಇನ್ನೂ ಹಡಗಿನಿಂದ ಇಳಿಯುವುದಕ್ಕೆ ಮುನ್ನವೇ, ತಾವೆಲ್ಲರೂ ಒಂದು ಪೌರಸಮಾಜವಾಗಿ ಕೂಡಿ ಸರ್ವರ ಹಿತಕ್ಕಾಗಿ ಮಾಡುವ ಕಟ್ಟಳೆಗಳಿಗೆ ಬದ್ಧರಾಗಿರುವೆವೆಂದು ಒಂದು ಕರಾರನ್ನು ಬರೆದು, 41 ಮಂದಿ ಗಂಡಸರು ಅದಕ್ಕೆ ರುಜು ಹಾಕಿದರು. ಮೇಫ್ಲವರ್ ಕರಾರೆಂದು ಪ್ರಸಿದ್ಧವಾದ ಇದು ರಾಜ್ಯಾಂಗವೇನೂ ಆಗಿರಲಿಲ್ಲವಾದರೂ, ಆಳಿಸಿಕೊಳ್ಳುವವರ ಒಪ್ಪಿಗೆಯೇ ಆಳ್ವಿಕೆಗೆ ಆಧಾರವೆಂಬ ತತ್ತ್ವದ ಬೀಜ ಅದರಲ್ಲಿದ್ದಿತು. 1639ರಲ್ಲಿ ಕನೆಕ್ಟಿಕಟ್ ನದೀತೀರದ ಊರುಗಳು ಮಾಡಿಕೊಂಡ ಮೂಲಕಟ್ಟಳೆಗಳು ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ ಸರ್ಕಾರದ ಅಂಗೋಪಾಂಗಗಳನ್ನು ಬರೆಹದಲ್ಲಿ ನಿರ್ದಿಷ್ಟಪಡಿಸಿದವು. ಆದರೆ ಮತಸ್ವಾತಂತ್ರ್ಯವನ್ನು ಅರಸಿ ಬಂದವರು ಅದನ್ನು ಇತರರಿಗೆ ಕೊಡಲು ಸಿದ್ಧರಿರಲಿಲ್ಲ. ಜಾನ್ ವಿಂತ್ರಾಪನ ನಾಯಕತ್ವದ ಮ್ಯಾಸಚೂಸೆಟ್ಸ್ ಬೇ ವಸಾಹತು, ಮತವಿಷಯದಲ್ಲಿ ಸರ್ಕಾರಕ್ಕೆ ಅಧಿಕಾರವಿಲ್ಲವೆಂದ ರೋಜರ್ ವಿಲಿಯಮ್ಸನನ್ನೂ ಗುರುಗಳ ಉಪದೇಶವನ್ನು ತನ್ನ ಮನೆಯಲ್ಲಿಯೇ ವಿಮರ್ಶಿಸುತ್ತಿದ್ದ ಆನ್ ಹಚಿನ್ಸನ್ನಳನ್ನೂ ಗಡೀಪಾರು ಮಾಡಿತು. ವಿಲಿಯಮ್ಸನು 1636ರಲ್ಲಿ ನರಗ್ಯಾನ್ಸೆಟ್ ಮೂಲನಿವಾಸಿಗಳಿಂದ ನೆಲ ಪಡೆದು ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿದನು. ಮತವನ್ನೂ ರಾಜ್ಯವನ್ನೂ ಬೇರೆ ಬೇರೆಯಾಗಿಡುವ ಪದ್ಧತಿ ಆ ಊರಿನ ಸುತ್ತ ಬೆಳೆದ ರೋಡ್ ಐಲೆಂಡ್ ವಸಾಹತಿನಲ್ಲಿ ಬೇರೂರಿತು. ಕ್ವೇಕರ್ ಪಂಥದ ವಿಲಿಯಂ ಪೆನ್ 1681ರಲ್ಲಿ ಎರಡನೆಯ ಚಾರ್ಲ್ಸನಿಂದ ಸನ್ನದು ಪಡೆದು ಸ್ಥಾಪಿಸಿದ ಪೆನ್ಸಿಲ್ವೇನಿಯ ನಾನಾ ಪಂಥದವರಿಗೂ ಜರ್ಮನ್ ಮೊದಲಾದ ಅನ್ಯಭಾಷಿಕರಿಗೂ ಆಶ್ರಯವಾಯಿತು.

ಸ್ವರೂಪದಲ್ಲಿ ಈ ವಸಾಹತುಗಳು ಮೂರು ಬಗೆಯವು. ದೊರೆಯೇ ಗವರ್ನರನನ್ನು ನೇಮಿಸುತ್ತಿದ್ದ ವರ್ಜೀನಿಯದಂಥವು ರಾಜಾಧೀನ ವಸಾಹತುಗಳು. ಪೆನ್ ಅಥವಾ ಮೇರಿಲೆಂಡಿನ ಬಾಲ್ಟಿಮೋರ್ ಪ್ರಭುವಿನಂಥ ಒಬ್ಬ ಒಡೆಯನಿಗೆ ಜಹಗೀರಿನಂತೆ ಬಿಟ್ಟುಕೊಟ್ಟವು ಒಡೆತನದ ವಸಾಹತುಗಳು. ಗವರ್ನರನನ್ನು ತಾವೇ ಆರಿಸಿಕೊಳ್ಳುತ್ತಿದ್ದ ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಸನ್ನದಿನ ವಸಾಹತುಗಳು. ಬಗೆ ಯಾವುದೇ ಆಗಿರಲಿ, ಚುನಾಯಿತ ಸಭೆಯೊಂದು ಎಲ್ಲ ಕಡೆಯೂ ಇದ್ದಿತು. ತೆರಿಗೆ ಹಾಕುವ ಹಕ್ಕೂ, ಅನೇಕ ಕಡೆಗಳಲ್ಲಿ ಗವರ್ನರನ ಸಂಬಳವನ್ನು ಮಂಜೂರು ಮಾಡುವ ಹಕ್ಕೂ ಆ ಸಭೆಯ ಕೈಯಲ್ಲಿದ್ದುದರಿಂದ, ಸಾಗರದಾಚೆಯ ದೊರೆಯ ಅಪ್ಪಣೆಗಿಂತ ಊರ ಸಭೆಯ ಠರಾವಿಗೆ ಬೆಲೆ ಹೆಚ್ಚಾಗುತ್ತ ಬಂದಿತು. ನ್ಯೂ ಇಂಗ್ಲೆಂಡಿನ ಊರಸಭೆಗಳಲ್ಲಿ ಮತಾಧಿಕಾರವುಳ್ಳ ಗಂಡಸರೆಲ್ಲರೂ ಕೂಡಿ ರಸ್ತೆ, ಶಾಲೆ, ಹುಲ್ಲುಗಾವಲುಗಳ ವಿಷಯವನ್ನು ನೇರವಾಗಿ ತೀರ್ಮಾನಿಸುತ್ತಿದ್ದರು. ಗವರ್ನರನನ್ನು ಟೀಕಿಸಿದ ಪತ್ರಿಕಾಮುದ್ರಕ ಜಾನ್ ಪೀಟರ್ ಝೆಂಗರನನ್ನು 1735ರಲ್ಲಿ ನ್ಯೂಯಾರ್ಕಿನ ಜ್ಯೂರಿ ನಿರ್ದೋಷಿಯೆಂದು ಬಿಟ್ಟುಕೊಟ್ಟಿತು. ಹೀಗೆ ಒಂದೂವರೆ ಶತಮಾನದ ಅಭ್ಯಾಸದಿಂದ ಸ್ವಯಮಾಡಳಿತವು ಆ ಜನಕ್ಕೆ ರೂಢಿಯಾಗಿಹೋಗಿದ್ದಿತು. ಜಾನ್ ಲಾಕನ ಗ್ರಂಥಗಳನ್ನಾಗಲಿ, 1748ರಲ್ಲಿ ಹೊರಬಂದ ಮಾಂಟೆಸ್ಕ್ಯೂವಿನ ಶಾಸನತತ್ತ್ವ ಗ್ರಂಥವನ್ನಾಗಲಿ ಅವರು ಆದರದಿಂದ ಓದಿದುದಕ್ಕೆ ಕಾರಣ, ತಾವು ಆಗಲೇ ಬಾಳುತ್ತಿದ್ದ ಬಾಳಿಗೆ ಅಲ್ಲಿ ಶಾಸ್ತ್ರಾಧಾರ ದೊರೆತುದೇ.

ತೆರಿಗೆಯ ವಿವಾದ ಮತ್ತು ಸ್ವಾತಂತ್ರ್ಯ ಘೋಷಣೆ

1754ರಲ್ಲಿ ಆಲ್ಬನಿಯಲ್ಲಿ ಏಳು ವಸಾಹತುಗಳ ಪ್ರತಿನಿಧಿಗಳು ಇರೊಕ್ವಾಯ್ ಒಕ್ಕೂಟದವರೊಡನೆ ಸಮಾಲೋಚನೆಗೆಂದು ಸೇರಿದಾಗ, ಬೆಂಜಮಿನ್ ಫ್ರಾಂಕ್ಲಿನ್ ಎಲ್ಲ ವಸಾಹತುಗಳಿಗೂ ಒಂದೇ ಮಹಾಸಭೆಯಿರಬೇಕೆಂಬ ಯೋಜನೆಯನ್ನು ಮುಂದಿಟ್ಟನು. ವಸಾಹತಿನ ಸಭೆಗಳು ತಮ್ಮ ಅಧಿಕಾರ ಹೋಗುವುದೆಂದೂ, ಲಂಡನ್ನಿನ ಮಂತ್ರಿಗಳು ತಮ್ಮ ಅಧಿಕಾರ ಹೋಗುವುದೆಂದೂ ಹೆದರಿ ಅದನ್ನು ಕೈಬಿಟ್ಟರು. ಫ್ರಾನ್ಸಿನ ಮೇಲೆ ಬ್ರಿಟನ್ ನಡೆಸಿದ ಸಪ್ತವಾರ್ಷಿಕ ಯುದ್ಧ 1763ರಲ್ಲಿ ಮುಗಿದ ಮೇಲೆ ಪರಿಸ್ಥಿತಿ ಮಾರ್ಪಟ್ಟಿತು. ಗೆಲುವಿನೊಡನೆ ಬಂದ ಸಾಲದ ಹೊರೆಯನ್ನು ವಸಾಹತುಗಳೂ ಹೊರಬೇಕೆಂದು ಪಾರ್ಲಿಮೆಂಟು 1765ರಲ್ಲಿ ಛಾಪಾ ಶಾಸನವನ್ನು ಮಾಡಿ, ದಸ್ತಾವೇಜು, ವೃತ್ತಪತ್ರಿಕೆ, ಇಸ್ಪೀಟಿನ ಎಲೆಗಳಿಗೆ ಸಹ ಮುದ್ರೆಯ ತೆರಿಗೆಯನ್ನು ವಿಧಿಸಿತು. ತಮ್ಮ ಪ್ರತಿನಿಧಿಗಳಿಲ್ಲದ ಸಭೆಗೆ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕಿಲ್ಲವೆಂಬುದು ವಸಾಹತಿನವರ ವಾದ. ತೆರಿಗೆಯ ಮೊತ್ತಕ್ಕಿಂತ ಈ ಹಕ್ಕಿನ ಪ್ರಶ್ನೆಯೇ ಅವರಿಗೆ ದೊಡ್ಡದಾಗಿದ್ದಿತು. ವರ್ಜೀನಿಯದಲ್ಲಿ ಪ್ಯಾಟ್ರಿಕ್ ಹೆನ್ರಿ ಗುಡುಗಿದನು. ನ್ಯೂಯಾರ್ಕಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ಸೇರಿ ಆಕ್ಷೇಪಣೆ ಬರೆದರು. ಆಂಗ್ಲ ಸರಕಿನ ಬಹಿಷ್ಕಾರ ನಡೆಯಿತು. 1766ರಲ್ಲಿ ಆ ಶಾಸನವನ್ನು ಹಿಂದಕ್ಕೆ ತೆಗೆದುಕೊಂಡ ಪಾರ್ಲಿಮೆಂಟು, ವಸಾಹತುಗಳನ್ನು ಎಲ್ಲ ವಿಷಯದಲ್ಲಿಯೂ ಬಂಧಿಸುವ ಅಧಿಕಾರ ತನಗುಂಟೆಂದು ಅದೇ ಉಸಿರಿನಲ್ಲಿ ಸಾರಿಕೊಂಡಿತು.

1770ರ ಮಾರ್ಚ್ 5ರಂದು ಬಾಸ್ಟನ್ನಿನಲ್ಲಿ ಸೈನಿಕರ ಗುಂಡಿಗೆ ಐವರು ಬಲಿಯಾದರು. ಅವರಲ್ಲಿ ಆಫ್ರಿಕ ಮೂಲದ ರಕ್ತವುಳ್ಳ ಕ್ರಿಸ್ಪಸ್ ಆಟಕ್ಸ್ ಒಬ್ಬನು. ಗುಂಡು ಹಾರಿಸಿದ ಆ ಸೈನಿಕರ ಪರವಾಗಿ ವಕಾಲತ್ತು ವಹಿಸಿದವನು, ಮುಂದೆ ಸ್ವಾತಂತ್ರ್ಯದ ಪ್ರಬಲ ಪ್ರತಿಪಾದಕನಾದ ಜಾನ್ ಆಡಮ್ಸ್. ಜನದ ಕೋಪಕ್ಕೆ ಗುರಿಯಾದವನಿಗೂ ನ್ಯಾಯವಾದ ವಿಚಾರಣೆ ದೊರೆಯಬೇಕೆಂದು ಆತನು ತೋರಿದ ಧೈರ್ಯ ಆ ಕಾಲದ ಘೋಷಣೆಗಳೆಲ್ಲಕ್ಕಿಂತ ಮೇಲಾದುದೆಂದು ಹೇಳಬೇಕು. 1773ರಲ್ಲಿ, ಭಾರತದಲ್ಲಿ ರಾಜ್ಯ ಕಟ್ಟುತ್ತಿದ್ದ ಈಸ್ಟ್ ಇಂಡಿಯ ಕಂಪನಿಯನ್ನು ದಿವಾಳಿಯಿಂದ ಪಾರುಮಾಡುವುದಕ್ಕಾಗಿ, ಅದರ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಚಹವನ್ನು ಅಮೆರಿಕದಲ್ಲಿ ಅಗ್ಗವಾಗಿ ಮಾರಲು ಪಾರ್ಲಿಮೆಂಟು ಅವಕಾಶವಿತ್ತಾಗ, ಆ ಅಗ್ಗದ ಹಿಂದಿದ್ದ ಸುಂಕವನ್ನು ಕಂಡುಕೊಂಡ ಬಾಸ್ಟನ್ನಿನವರು ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹವನ್ನು ಬಂದರಿನ ನೀರಿಗೆಸೆದರು. ಬಂದರನ್ನು ಮುಚ್ಚಿಸಿ, ಮ್ಯಾಸಚೂಸೆಟ್ಸಿನ ಸನ್ನದನ್ನು ಮೊಟಕುಗೊಳಿಸಿದ ದಂಡನೆ ಉಳಿದ ವಸಾಹತುಗಳನ್ನೆಲ್ಲ ಒಂದುಗೂಡಿಸಿತು. 1774ರ ಸೆಪ್ಟೆಂಬರಿನಲ್ಲಿ ಜಾರ್ಜಿಯದ ಹೊರತು ಹನ್ನೆರಡು ವಸಾಹತುಗಳವರು ಫಿಲಡೆಲ್ಫಿಯದಲ್ಲಿ ಮೊದಲ ಭೂಖಂಡ ಕಾಂಗ್ರೆಸ್ಸಾಗಿ ಸೇರಿದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡಿನಲ್ಲಿ ರಕ್ತ ಹರಿಯಿತು. ಜೂನಿನಲ್ಲಿ ಎರಡನೆಯ ಕಾಂಗ್ರೆಸ್ಸು ಜಾರ್ಜ್ ವಾಷಿಂಗ್ಟನ್ನನನ್ನು ಸೇನಾಪತಿಯನ್ನಾಗಿ ನೇಮಿಸಿತು.

ಆಗಲೂ ಅನೇಕರು ದೊರೆಯೊಡನೆ ಸಂಧಿಯನ್ನೇ ಬಯಸುತ್ತಿದ್ದರು. ಇಂಗ್ಲೆಂಡಿನಿಂದ ಬಂದು ಇನ್ನೂ ಎರಡು ವರ್ಷವೂ ತುಂಬದಿದ್ದ ಥಾಮಸ್ ಪೇನ್ 1776ರ ಜನವರಿಯಲ್ಲಿ ಪ್ರಕಟಿಸಿದ ಕಾಮನ್ ಸೆನ್ಸ್ ಎಂಬ ಕಿರುಹೊತ್ತಗೆ, ವಂಶಪಾರಂಪರ್ಯದ ದೊರೆತನವೇ ಬುದ್ಧಿಗೆ ಒಗ್ಗದ ಸಂಗತಿಯೆಂದು ಬಡಗಿಗೂ ಬೇಸಾಯಗಾರನಿಗೂ ತಿಳಿಯುವ ಮಾತಿನಲ್ಲಿ ವಾದಿಸಿ ಆ ಹಿಂಜರಿಕೆಯನ್ನು ಹೋಗಲಾಡಿಸಿತು. ಸ್ವಾತಂತ್ರ್ಯಕ್ಕೆ ಕಾಂಗ್ರೆಸ್ಸು ಮತ ಕೊಟ್ಟುದು ಜುಲೈ 2ರಂದು. ಅದಕ್ಕೆ ಕಾರಣಗಳನ್ನು ನಿರೂಪಿಸುವ ಘೋಷಣೆಯನ್ನು ಅಂಗೀಕರಿಸಿದುದು ಜುಲೈ 4ರಂದು. ಜೆಫರ್ಸನ್, ಆಡಮ್ಸ್, ಫ್ರಾಂಕ್ಲಿನ್, ರೋಜರ್ ಶರ್ಮನ್, ರಾಬರ್ಟ್ ಲಿವಿಂಗ್ಸ್ಟನ್ ಎಂಬ ಐವರ ಸಮಿತಿಯ ಪರವಾಗಿ ಕರಡನ್ನು ಬರೆದವನು ಮೂವತ್ತಮೂರು ವರ್ಷದ ಥಾಮಸ್ ಜೆಫರ್ಸನ್. ಮನುಷ್ಯರೆಲ್ಲರೂ ಸಮಾನರು, ಅವರ ಕೆಲವು ಹಕ್ಕುಗಳು ಯಾರೂ ಕಿತ್ತುಕೊಳ್ಳಲಾಗದವು, ಆ ಹಕ್ಕುಗಳ ರಕ್ಷಣೆಗಾಗಿಯೇ ಸರ್ಕಾರವಿರುವುದು, ಆ ಕೆಲಸವನ್ನು ಮಾಡದ ಸರ್ಕಾರವನ್ನು ಬದಲಾಯಿಸುವುದು ಪ್ರಜೆಗಳ ಅಧಿಕಾರ ಎಂಬ ತತ್ತ್ವಗಳನ್ನು ಅಷ್ಟು ಸಂಕ್ಷೇಪವಾಗಿಯೂ ಗಂಭೀರವಾಗಿಯೂ ಹೇಳಿದ ರಾಜಕೀಯ ಪತ್ರ ಮತ್ತೊಂದು ವಿರಳ. ಆದರೆ ಗುಲಾಮರ ವ್ಯಾಪಾರವನ್ನು ದೊರೆಯ ಅಪರಾಧವೆಂದು ಖಂಡಿಸಿದ್ದ ಕರಡಿನ ಭಾಗವನ್ನು ಕಾಂಗ್ರೆಸ್ಸು ಹೊಡೆದುಹಾಕಿತು. ಕರಡನ್ನು ಬರೆದವನೇ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಮೇಲ್ಪಟ್ಟ ಗುಲಾಮರ ಒಡೆಯನಾಗಿದ್ದನು. ಅದೇ ವರ್ಷದ ಮಾರ್ಚಿನಲ್ಲಿ ಜಾನ್ ಆಡಮ್ಸನ ಹೆಂಡತಿ ಅಬಿಗೈಲ್ ಆಡಮ್ಸ್ ಹೊಸ ಕಾನೂನುಗಳಲ್ಲಿ ಸ್ತ್ರೀಯರನ್ನು ಮರೆಯಬಾರದೆಂದು ಗಂಡನಿಗೆ ಬರೆದ ಕಾಗದಕ್ಕೆ, ಅಷ್ಟು ವಿಚಾರವಂತನಾದ ಆತನಿಂದಲೂ ಹಗುರವಾದ ಉತ್ತರವೇ ಬಂದಿತು.

ಯುದ್ಧದ ವಿವರ ಇಲ್ಲಿ ಅಪ್ರಕೃತ. ಸಾರಟೋಗದ ಗೆಲುವು (1777), ಅದರಿಂದ ಕೈಗೂಡಿದ ಫ್ರೆಂಚರ ಸ್ನೇಹ (1778), ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಶರಣಾಗತಿ (1781ರ ಅಕ್ಟೋಬರ್ 19), ಪ್ಯಾರಿಸ್ ಕೌಲು (1783) ಇವು ಅದರ ಮುಖ್ಯ ಘಟ್ಟಗಳು. ಕನ್ನಡ ನಾಡಿನ ಚರಿತ್ರೆ ಈ ಯುದ್ಧವನ್ನು ಎರಡು ಕಡೆ ಮುಟ್ಟುತ್ತದೆ. ಅದೇ ವರ್ಷಗಳಲ್ಲಿ ಮೈಸೂರಿನ ಹೈದರಾಲಿ ಇಂಗ್ಲಿಷರೊಡನೆ ಸೆಣಸುತ್ತಿದ್ದ ಸುದ್ದಿ ಅಮೆರಿಕಕ್ಕೂ ಮುಟ್ಟಿ, ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ಆತನ ಹೆಸರನ್ನಿಟ್ಟರು; ಜೋಶುವ ಬಾರ್ನಿಯ ನಾಯಕತ್ವದಲ್ಲಿ ಆ ಹೈದರಾಲಿ ನೌಕೆ 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಯಾರ್ಕ್‌ಟೌನಿನಲ್ಲಿ ಕತ್ತಿಯನ್ನೊಪ್ಪಿಸಬೇಕಾದಾಗ ಅಸ್ವಸ್ಥತೆಯ ನೆಪ ಹೇಳಿ ತನ್ನ ಕೈಕೆಳಗಿನವನನ್ನು ಕಳುಹಿಸಿದ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ಲನಾಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪು ಸುಲ್ತಾನನ ಅರ್ಧರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದವನು.

ಒಕ್ಕೂಟದ ಕರಾರು

ದೊರೆಯ ಅಧಿಕಾರವನ್ನು ಕಿತ್ತೊಗೆದವರು ತಮ್ಮದೇ ಕೇಂದ್ರಾಧಿಕಾರವನ್ನು ಕಟ್ಟುವುದಕ್ಕೂ ಅಂಜಿದರು. 1777ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿ, 1781ರ ಮಾರ್ಚ್ 1ರಂದು ಜಾರಿಗೆ ಬಂದ ಒಕ್ಕೂಟದ ಕರಾರಿನ ಪ್ರಕಾರ, ಚಿಕ್ಕದೋ ದೊಡ್ಡದೋ ಪ್ರತಿ ರಾಜ್ಯಕ್ಕೂ ಒಂದೇ ಮತ. ಮುಖ್ಯ ವಿಷಯಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು. ಕರಾರನ್ನು ತಿದ್ದಬೇಕಾದರೆ ಹದಿಮೂರೂ ಒಪ್ಪಬೇಕು. ರಾಷ್ಟ್ರಕ್ಕೆ ಅಧ್ಯಕ್ಷನಿಲ್ಲ, ಕಾಯಂ ನ್ಯಾಯಸ್ಥಾನವಿಲ್ಲ. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿಲ್ಲದುದರಿಂದ, ಕಾದಾಡಿದ ಸೈನಿಕರ ಸಂಬಳಕ್ಕೂ ಅದು ರಾಜ್ಯಗಳನ್ನು ಬೇಡಬೇಕು. ಆಮದಿನ ಮೇಲೆ ಶೇಕಡ 5ರ ಸುಂಕಕ್ಕೆ ರೋಡ್ ಐಲೆಂಡ್ ಒಂದೇ ಒಪ್ಪದೆ ಹೋದುದರಿಂದ ಆ ಯೋಜನೆ ಬಿದ್ದುಹೋಯಿತು. ಹಾಗೆಂದು ಆ ಕಾಂಗ್ರೆಸ್ಸು ನಿಷ್ಪ್ರಯೋಜಕವೆನ್ನುವುದು ಅನ್ಯಾಯ. ಅದು 1787ರ ಜುಲೈ 13ರಂದು ಮಾಡಿದ ವಾಯವ್ಯ ಪ್ರಾಂತದ ಶಾಸನವು, ಓಹಾಯೊ ನದಿಯ ಉತ್ತರದ ಹೊಸ ನೆಲವನ್ನು ಅಧೀನ ವಸಾಹತನ್ನಾಗಿಡದೆ, ಜನ ಸಾಕಷ್ಟು ಸೇರಿದ ಮೇಲೆ ಹಳೆಯ ರಾಜ್ಯಗಳಿಗೆ ಸರಿಸಮವಾದ ರಾಜ್ಯಗಳನ್ನಾಗಿ ಸೇರಿಸಿಕೊಳ್ಳತಕ್ಕುದೆಂದೂ, ಅಲ್ಲಿ ಗುಲಾಮಗಿರಿ ಕೂಡದೆಂದೂ ವಿಧಿಸಿತು. ಆದರೆ ಆ ನೆಲದಲ್ಲಿ ಆಗಲೇ ಬಾಳುತ್ತಿದ್ದ ಮೂಲನಿವಾಸಿ ರಾಷ್ಟ್ರಗಳ ಒಪ್ಪಿಗೆಯನ್ನು ಪ್ಯಾರಿಸ್ ಕೌಲಿನಲ್ಲಿ ಯಾರೂ ಕೇಳಿರಲಿಲ್ಲ.

ಯುದ್ಧಾನಂತರದ ದುಗ್ಗಾಣಿಯಿಲ್ಲದ ದಿನಗಳಲ್ಲಿ ಸಾಲಕ್ಕೂ ತೆರಿಗೆಗೂ ಜಮೀನು ಕಳೆದುಕೊಳ್ಳುತ್ತಿದ್ದ ಪಶ್ಚಿಮ ಮ್ಯಾಸಚೂಸೆಟ್ಸಿನ ರೈತರು, ಯುದ್ಧದಲ್ಲಿ ಕ್ಯಾಪ್ಟನ್ನನಾಗಿದ್ದ ಡೇನಿಯಲ್ ಷೇಸ್ ಮೊದಲಾದವರ ನಾಯಕತ್ವದಲ್ಲಿ 1786ರಲ್ಲಿ ದಂಗೆಯೆದ್ದು ನ್ಯಾಯಾಲಯಗಳ ಬಾಗಿಲು ಮುಚ್ಚಿಸಿದರು. ದಂಗೆ ಬೇಗನೆ ಅಡಗಿತಾದರೂ, ಅದನ್ನಡಗಿಸಲು ಕೇಂದ್ರದ ಕೈಯಲ್ಲಿ ಸೈನ್ಯವಾಗಲಿ ಹಣವಾಗಲಿ ಇರಲಿಲ್ಲವೆಂಬ ಸಂಗತಿ ವಾಷಿಂಗ್ಟನ್ನನಂಥವರನ್ನು ಕಂಗೆಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವ್ಯಾಪಾರವಿಷಯವಾಗಿ ಅನ್ನಾಪೊಲಿಸಿನಲ್ಲಿ ಸೇರಿದ್ದ ಐದು ರಾಜ್ಯಗಳ ಪ್ರತಿನಿಧಿಗಳು, ಕರಾರನ್ನೇ ಪರಿಷ್ಕರಿಸುವ ಮಹಾಸಭೆಯೊಂದನ್ನು ಕರೆಯಬೇಕೆಂದು ಶಿಫಾರಸು ಮಾಡಿದರು.

ಫಿಲಡೆಲ್ಫಿಯದ ಮಹಾಸಭೆ

1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ, ಹನ್ನೊಂದು ವರ್ಷಗಳ ಹಿಂದೆ ಸ್ವಾತಂತ್ರ್ಯ ಘೋಷಣೆಯಾಗಿದ್ದ ಅದೇ ಕಟ್ಟಡದಲ್ಲಿ, ರೋಡ್ ಐಲೆಂಡಿನ ಹೊರತು ಹನ್ನೆರಡು ರಾಜ್ಯಗಳಿಂದ ಒಟ್ಟು 55 ಮಂದಿ ಈ ಸಭೆಯಲ್ಲಿ ಭಾಗವಹಿಸಿದರು. ಅಧ್ಯಕ್ಷಪೀಠದಲ್ಲಿದ್ದವನು ವಾಷಿಂಗ್ಟನ್, ವಯೋವೃದ್ಧನು 81 ವರ್ಷದ ಫ್ರಾಂಕ್ಲಿನ್. ಜೆಫರ್ಸನ್ ಪ್ಯಾರಿಸಿನಲ್ಲಿಯೂ ಆಡಮ್ಸ್ ಲಂಡನ್ನಿನಲ್ಲಿಯೂ ರಾಯಭಾರಿಗಳಾಗಿದ್ದುದರಿಂದ ಬರಲಾಗಲಿಲ್ಲ. ಪ್ಯಾಟ್ರಿಕ್ ಹೆನ್ರಿ ಬರಲೊಪ್ಪಲಿಲ್ಲ. ನಡವಳಿಕೆ ಗುಟ್ಟಾಗಿರಬೇಕೆಂದು ನಿಯಮ ಮಾಡಿಕೊಂಡಿದ್ದುದರಿಂದ, ಒಬ್ಬನು ಇಂದು ಹೇಳಿದ ಅಭಿಪ್ರಾಯವನ್ನು ನಾಳೆ ಲಜ್ಜೆಯಿಲ್ಲದೆ ಬದಲಾಯಿಸಿಕೊಳ್ಳಲು ಸಾಧ್ಯವಾಯಿತು. ಆ ನಾಲ್ಕು ತಿಂಗಳ ಚರ್ಚೆ ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ವರ್ಜೀನಿಯದ ಜೇಮ್ಸ್ ಮ್ಯಾಡಿಸನ್ನನು ದಿನದಿನವೂ ಬರೆದಿಟ್ಟ ಟಿಪ್ಪಣಿಗಳಿಂದ. ಆತನ ಮರಣಾನಂತರ 1840ರಲ್ಲಿ ಅವು ಅಚ್ಚಾದವು. ಕೃಶಶರೀರದ, ಮೆಲುದನಿಯ ಈ ವ್ಯಕ್ತಿ ಪುರಾತನ ಮತ್ತು ಆಧುನಿಕ ಒಕ್ಕೂಟಗಳ ಚರಿತ್ರೆಯನ್ನೆಲ್ಲ ವ್ಯಾಸಂಗ ಮಾಡಿ, ಅವು ಏಕೆ ಮುರಿದುಬಿದ್ದುವೆಂದು ಮೊದಲೇ ವಿಚಾರಮಾಡಿಕೊಂಡು ಬಂದಿದ್ದನು. ಸಭೆಯಲ್ಲಿ ಆತನಷ್ಟು ಸಿದ್ಧತೆ ಮಾಡಿಕೊಂಡು ಬಂದವರು ಬೇರಾರೂ ಇರಲಿಲ್ಲ.

ಕರಾರನ್ನು ತಿದ್ದುವುದಕ್ಕೆಂದು ಬಂದವರು ಅದನ್ನು ಬದಿಗೊತ್ತಿ ಹೊಸ ರಾಜ್ಯಾಂಗವನ್ನೇ ಬರೆಯತೊಡಗಿದರು. ಮ್ಯಾಡಿಸನ್ನನ ಚಿಂತನೆಯಿಂದ ರೂಪುಗೊಂಡು ಎಡ್ಮಂಡ್ ರ್ಯಾಂಡಾಲ್ಫನು ಮೇ 29ರಂದು ಮಂಡಿಸಿದ ವರ್ಜೀನಿಯ ಯೋಜನೆ, ಜನಸಂಖ್ಯೆಗೆ ತಕ್ಕಂತೆ ಪ್ರಾತಿನಿಧ್ಯವುಳ್ಳ ಎರಡು ಸಭೆಗಳ ಬಲವಾದ ಶಾಸನಾಂಗವನ್ನು ಕೇಳಿತು. ದೊಡ್ಡ ರಾಜ್ಯಗಳು ಚಿಕ್ಕವನ್ನು ನುಂಗುವುವೆಂದು ಹೆದರಿದವರ ಪರವಾಗಿ ನ್ಯೂಜರ್ಸಿಯ ವಿಲಿಯಂ ಪ್ಯಾಟರ್ಸನ್ ಜೂನ್ 15ರಂದು ಮಂಡಿಸಿದ ಯೋಜನೆ ಹಳೆಯ ಸಮಾನಮತವನ್ನೇ ಎತ್ತಿಹಿಡಿಯಿತು. ವಾರಗಟ್ಟಲೆ ಕಹಿ ಮಾತುಗಳಾಗಿ, ಸಭೆ ಮುರಿಯುವ ಹಂತಕ್ಕೆ ಬಂದ ಮೇಲೆ, ಕನೆಕ್ಟಿಕಟ್ಟಿನ ಶರ್ಮನ್ ಮುಂತಾದವರು ಸೂಚಿಸಿದ್ದ ರಾಜಿ ಜುಲೈ 16ರಂದು ಒಂದೇ ಒಂದು ರಾಜ್ಯದ ಬಹುಮತದಿಂದ ಅಂಗೀಕೃತವಾಯಿತು: ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕ ಸ್ಥಾನ, ಸೆನೆಟ್ಟಿನಲ್ಲಿ ಪ್ರತಿ ರಾಜ್ಯಕ್ಕೂ ಸಮವಾಗಿ ಎರಡು ಸ್ಥಾನ. ಇದನ್ನು ಮಹಾರಾಜಿ ಎನ್ನುತ್ತಾರೆ.

ಜನಸಂಖ್ಯೆಯೆಂದ ಕೂಡಲೆ ಗುಲಾಮರನ್ನು ಎಣಿಸಬೇಕೆ ಎಂಬ ಪ್ರಶ್ನೆ ಎದ್ದಿತು. ಗುಲಾಮನಿಗೆ ಒಂದೇ ಒಂದು ಹಕ್ಕನ್ನೂ ಕೊಡದ ದಕ್ಷಿಣದ ರಾಜ್ಯಗಳು, ತಮ್ಮ ಸ್ಥಾನಗಳನ್ನು ಹೆಚ್ಚಿಸಿಕೊಳ್ಳುವುದಕ್ಕೆ ಮಾತ್ರ ಅವನನ್ನು ಮನುಷ್ಯನೆಂದು ಎಣಿಸಬೇಕೆಂದವು. ಐದು ಮಂದಿ ಗುಲಾಮರನ್ನು ಮೂರು ಮಂದಿಯಾಗಿ ಲೆಕ್ಕ ಹಿಡಿಯುವುದೆಂದು ಸಭೆ ಒಪ್ಪಿತು. ಗುಲಾಮರ ಆಮದನ್ನು 1808ಕ್ಕೆ ಮುನ್ನ ಕಾಂಗ್ರೆಸ್ಸು ನಿಷೇಧಿಸಕೂಡದು, ತಪ್ಪಿಸಿಕೊಂಡು ಬೇರೆ ರಾಜ್ಯಕ್ಕೆ ಓಡಿಹೋದವನನ್ನು ಒಡೆಯನಿಗೆ ಹಿಂದಕ್ಕೊಪ್ಪಿಸತಕ್ಕುದು ಎಂಬ ವಿಧಿಗಳೂ ಸೇರಿದವು. ಪೆನ್ಸಿಲ್ವೇನಿಯದ ಗವರ್ನೀರ್ ಮಾರಿಸ್ ಈ ಪದ್ಧತಿಯನ್ನು ನಿಷ್ಠುರವಾಗಿ ಖಂಡಿಸಿದನು; ತಾನೇ ಗುಲಾಮರ ಒಡೆಯನಾದ ವರ್ಜೀನಿಯದ ಜಾರ್ಜ್ ಮೇಸನ್ ಸಹ ಆ ವ್ಯಾಪಾರವು ದೇಶದ ಮೇಲೆ ದೈವಕೋಪವನ್ನು ತರುವುದೆಂದು ಎಚ್ಚರಿಸಿದನು. ಆದರೆ ಸೌತ್ ಕ್ಯಾರೊಲೈನ ಮತ್ತು ಜಾರ್ಜಿಯ ಒಕ್ಕೂಟಕ್ಕೇ ಸೇರುವುದಿಲ್ಲವೆಂದು ಬೆದರಿಸಿದಾಗ ಉಳಿದವರು ಮಣಿದರು. ಒಕ್ಕೂಟವುಳಿಯಬೇಕಾದರೆ ಇದು ಅನಿವಾರ್ಯವಾಗಿತ್ತೆಂದು ವಾದಿಸುವವರಿದ್ದಾರೆ. ಆ ವಾದ ಒಪ್ಪತಕ್ಕುದೇ ಆದರೂ, ಬೆಲೆಯನ್ನು ತೆತ್ತವರು ಸಭೆಯಲ್ಲಿ ಕುಳಿತವರಾಗಿರಲಿಲ್ಲ. 1790ರ ಪ್ರಥಮ ಖಾನೇಷುಮಾರಿಯಲ್ಲಿ ಸುಮಾರು 39 ಲಕ್ಷ ಜನರಿದ್ದ ಆ ದೇಶದಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು.

ಉಳಿದ ರಚನೆಯಲ್ಲಿ ಅಧಿಕಾರವಿಭಜನೆಯ ತತ್ತ್ವವು ಅಪೂರ್ವ ಕೌಶಲದಿಂದ ಮೈದಾಳಿದೆ. ಶಾಸನ ಮಾಡುವುದು ಕಾಂಗ್ರೆಸ್ಸು, ನಡೆಸುವುದು ನಾಲ್ಕು ವರ್ಷಗಳ ಅವಧಿಯ ಅಧ್ಯಕ್ಷ, ತೀರ್ಪು ಹೇಳುವುದು ಸದ್ವರ್ತನೆಯಿರುವವರೆಗೂ ಪೀಠದಿಂದ ಕದಲಿಸಲಾಗದ ನ್ಯಾಯಾಧೀಶರು. ಹೀಗೆ ಬೇರ್ಪಡಿಸಿದ ಮೂರನ್ನೂ ಒಂದು ಮತ್ತೊಂದನ್ನು ತಡೆಯುವಂತೆ ಮರಳಿ ಬೆಸೆದುದೇ ರಚನಕಾರರ ವೈಶಿಷ್ಟ್ಯ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷನು ನಿಷೇಧಾಧಿಕಾರದಿಂದ ಹಿಂದಕ್ಕೆ ಕಳುಹಿಸಬಹುದು; ಎರಡು ಸಭೆಗಳೂ ಮೂರರಲ್ಲಿ ಎರಡು ಪಾಲು ಮತದಿಂದ ಅದನ್ನು ಮೀರಬಹುದು. ಕೌಲು ಮಾಡುವವನು ಅಧ್ಯಕ್ಷ, ಆದರೆ ಸೆನೆಟ್ಟಿನ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಅಧ್ಯಕ್ಷನೇ ದ್ರೋಹಿಯಾದರೆ ಪ್ರತಿನಿಧಿ ಸಭೆ ಮಹಾಭಿಯೋಗ ಹೊರಿಸುವುದು, ಸೆನೆಟ್ ವಿಚಾರಣೆ ನಡೆಸುವುದು. ಸೆನೆಟ್ಟಿನ ಸದಸ್ಯರನ್ನು ಆಗ ಆರಿಸುತ್ತಿದ್ದವು ರಾಜ್ಯಗಳ ಶಾಸನಸಭೆಗಳು. ಜನರ ನೇರ ಚುನಾವಣೆ 1913ರ ತಿದ್ದುಪಡಿಯಿಂದ ಬಂದಿತು. ಅಧ್ಯಕ್ಷನನ್ನು ಆರಿಸಲು ರಾಜ್ಯಗಳು ನೇಮಿಸುವ ಮತದಾರರ ಮಂಡಲಿಯೊಂದನ್ನು ಕಲ್ಪಿಸಿದರು. ತಿದ್ದುಪಡಿಗೆ ಎರಡು ಸಭೆಗಳ ಮೂರರಲ್ಲಿ ಎರಡು ಪಾಲು ಮತವೂ ರಾಜ್ಯಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನ ಒಪ್ಪಿಗೆಯೂ ಬೇಕು. ಮಾರಿಸನ ಲೇಖನಿಯಿಂದ ಕೊನೆಯ ರೂಪ ಪಡೆದ ಈ ಪತ್ರಕ್ಕೆ ಸೆಪ್ಟೆಂಬರ್ 17ರಂದು 39 ಮಂದಿ ರುಜು ಮಾಡಿದರು. ಕೊನೆಯವರೆಗೂ ಇದ್ದು ರುಜು ಹಾಕಲೊಪ್ಪದವರು ಮೂವರು: ಮೇಸನ್, ರ್ಯಾಂಡಾಲ್ಫ್, ಎಲ್ಬ್ರಿಡ್ಜ್ ಗೆರಿ.

ಅನುಮೋದನೆಯ ವಾಗ್ವಾದ

ಒಂಬತ್ತು ರಾಜ್ಯಗಳ ಜನಪ್ರತಿನಿಧಿ ಸಭೆಗಳು ಅನುಮೋದಿಸಿದರೆ ರಾಜ್ಯಾಂಗ ಜಾರಿಗೆ ಬರತಕ್ಕುದೆಂದು ಗೊತ್ತುಮಾಡಲಾಗಿತ್ತು. ಅದರ ಪರವಾಗಿದ್ದವರು ಫೆಡರಲಿಸ್ಟರು, ವಿರೋಧಿಗಳು ಆಂಟಿ ಫೆಡರಲಿಸ್ಟರು. ಅಲೆಗ್ಸಾಂಡರ್ ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಎಂಬ ಮೂವರು ಪಬ್ಲಿಯಸ್ ಎಂಬ ಒಂದೇ ಅಂಕಿತದಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಿಗೆ 1787ರ ಅಕ್ಟೋಬರಿನಿಂದ ಬರೆದ 85 ಲೇಖನಗಳು ಫೆಡರಲಿಸ್ಟ್ ಎಂಬ ಹೆಸರಿನಿಂದ ರಾಜ್ಯಶಾಸ್ತ್ರದ ಅಭಿಜಾತ ಗ್ರಂಥವಾಗಿ ಉಳಿದಿವೆ. ಪ್ರಜಾಪ್ರಭುತ್ವವು ಚಿಕ್ಕ ರಾಜ್ಯದಲ್ಲಿ ಮಾತ್ರ ಬಾಳಬಲ್ಲುದೆಂಬ ಹಿಂದಿನವರ ನಂಬಿಕೆಯನ್ನು ಮ್ಯಾಡಿಸನ್ನನು ಹತ್ತನೆಯ ಲೇಖನದಲ್ಲಿ ತಲೆಕೆಳಗು ಮಾಡಿ, ವಿಶಾಲವಾದ ಗಣರಾಜ್ಯದಲ್ಲಿ ನಾನಾ ಪಕ್ಷಹಿತಗಳು ಒಂದನ್ನೊಂದು ತಡೆಯುವುದರಿಂದ ಯಾವುದೊಂದೂ ಉಳಿದವರನ್ನು ತುಳಿಯಲಾರದೆಂದು ತೋರಿಸಿದನು.

ವಿರೋಧಿಗಳ ವಾದವೂ ಹುರುಳಿಲ್ಲದ್ದಾಗಿರಲಿಲ್ಲ. ವರ್ಜೀನಿಯದಲ್ಲಿ ಹೆನ್ರಿ ಮತ್ತು ಮೇಸನ್, ಮ್ಯಾಸಚೂಸೆಟ್ಸಿನಲ್ಲಿ ಮರ್ಸಿ ಓಟಿಸ್ ವಾರೆನ್ ಎಂಬ ವಿದುಷಿ ಎತ್ತಿದ ಮುಖ್ಯ ಆಕ್ಷೇಪಣೆ, ಪ್ರಜೆಯ ಹಕ್ಕುಗಳ ಪಟ್ಟಿ ಈ ಪತ್ರದಲ್ಲಿಲ್ಲವೆಂಬುದು. 1776ರಲ್ಲಿ ವರ್ಜೀನಿಯದ ಹಕ್ಕುಗಳ ಘೋಷಣೆಯನ್ನು ಬರೆದಿದ್ದ ಮೇಸನ್ನನಿಗೆ ಈ ಲೋಪ ಕ್ಷಮಿಸಲಾಗದ್ದಾಗಿ ಕಂಡಿತು. 1787ರ ಡಿಸೆಂಬರ್ 7ರಂದು ಡೆಲಾವೇರ್ ಮೊದಲು ಅನುಮೋದಿಸಿತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ಆದರೆ ವರ್ಜೀನಿಯದಲ್ಲಿ 89ಕ್ಕೆ 79, ನ್ಯೂಯಾರ್ಕಿನಲ್ಲಿ 30ಕ್ಕೆ 27, ಕಟ್ಟಕಡೆಯಲ್ಲಿ 1790ರ ಮೇ ತಿಂಗಳಲ್ಲಿ ಸೇರಿದ ರೋಡ್ ಐಲೆಂಡಿನಲ್ಲಿ 34ಕ್ಕೆ 32 ಮತಗಳಿಂದ ಮಾತ್ರ ಅದು ಗೆದ್ದಿತು. ಹಕ್ಕುಗಳ ಪಟ್ಟಿ ಅನವಶ್ಯಕವೆಂದು ಮೊದಲು ಭಾವಿಸಿದ್ದ ಮ್ಯಾಡಿಸನ್ನನೇ ಮೊದಲ ಕಾಂಗ್ರೆಸ್ಸಿನಲ್ಲಿ ತಿದ್ದುಪಡಿಗಳನ್ನು ಮಂಡಿಸಿದನು. ರಾಜ್ಯಗಳಿಗೆ ಕಳುಹಿಸಿದ ಹನ್ನೆರಡರಲ್ಲಿ ಹತ್ತು 1791ರ ಡಿಸೆಂಬರ್ 15ರಂದು ಸ್ಥಿರಪಟ್ಟವು. ಮತ, ವಾಕ್, ಪತ್ರಿಕೆ, ಸಭೆ ಇವುಗಳ ಸ್ವಾತಂತ್ರ್ಯ, ಕಾರಣವಿಲ್ಲದ ಶೋಧನೆಯಿಂದ ರಕ್ಷಣೆ, ಜ್ಯೂರಿಯ ವಿಚಾರಣೆ ಇವೇ ಮೊದಲಾದ ಹಕ್ಕುಗಳೂ, ಕೇಂದ್ರಕ್ಕೆ ಕೊಡದ ಅಧಿಕಾರಗಳು ರಾಜ್ಯಗಳಿಗೋ ಜನಕ್ಕೋ ಸೇರಿದುವೆಂಬ ಹತ್ತನೆಯ ತಿದ್ದುಪಡಿಯೂ ಇದರಲ್ಲಿ ಸೇರಿವೆ. ಸೋತ ಪಕ್ಷದ ಒತ್ತಾಯದಿಂದ ರಾಜ್ಯಾಂಗಕ್ಕೆ ಸೇರಿದ ಈ ಭಾಗವನ್ನೇ ಇಂದು ಜಗತ್ತು ಅತ್ಯಂತ ಗೌರವದಿಂದ ಕಾಣುತ್ತಿದೆ.

ಮೊದಲ ಸರ್ಕಾರಗಳು

ಮತದಾರರ ಮಂಡಲಿಯ 69 ಮಂದಿಯೂ ಒಮ್ಮತದಿಂದ ಆರಿಸಿದ ವಾಷಿಂಗ್ಟನ್ 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಪ್ರಮಾಣವಚನ ಸ್ವೀಕರಿಸಿದನು. ಆತನ ಮಂತ್ರಿಗಳಲ್ಲಿ ವಿದೇಶವ್ಯವಹಾರದ ಜೆಫರ್ಸನ್ನನೂ ಖಜಾನೆಯ ಹ್ಯಾಮಿಲ್ಟನ್ನನೂ ಪರಸ್ಪರ ವಿರುದ್ಧವಾದ ಎರಡು ದರ್ಶನಗಳ ಪ್ರತಿನಿಧಿಗಳು. ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ ಹುಟ್ಟಿ, ಅನಾಥನಾಗಿ ಬೆಳೆದು, ಬುದ್ಧಿಬಲದಿಂದಲೇ ಮೇಲೆ ಬಂದ ಹ್ಯಾಮಿಲ್ಟನ್ನನು ರಾಜ್ಯಗಳ ಯುದ್ಧಸಾಲವನ್ನೆಲ್ಲ ಕೇಂದ್ರವೇ ವಹಿಸಿಕೊಳ್ಳಬೇಕೆಂದೂ, ರಾಷ್ಟ್ರೀಯ ಬ್ಯಾಂಕೊಂದನ್ನು ಸ್ಥಾಪಿಸಬೇಕೆಂದೂ ಸಾಧಿಸಿದನು. ಬ್ಯಾಂಕಿನ ಅಧಿಕಾರ ರಾಜ್ಯಾಂಗದಲ್ಲಿ ಎಲ್ಲಿದೆಯೆಂದು ಜೆಫರ್ಸನ್ ಕೇಳಿದುದಕ್ಕೆ, ಕೊಟ್ಟ ಕೆಲಸಕ್ಕೆ ಅಗತ್ಯವೂ ಉಚಿತವೂ ಆದ ಸಾಧನವೆಲ್ಲ ಆ ಕೆಲಸದೊಡನೆಯೇ ಬಂದಿದೆಯೆಂಬುದು ಹ್ಯಾಮಿಲ್ಟನ್ನನ ಉತ್ತರ. ಅಕ್ಷರಾರ್ಥಕ್ಕೆ ಬಿಗಿಹಿಡಿಯುವ ವ್ಯಾಖ್ಯಾನ, ಉದ್ದೇಶವನ್ನು ನೋಡುವ ಉದಾರ ವ್ಯಾಖ್ಯಾನ ಎಂಬ ಎರಡು ಮಾರ್ಗಗಳೂ, ಡೆಮಾಕ್ರಟಿಕ್ ರಿಪಬ್ಲಿಕನ್ ಮತ್ತು ಫೆಡರಲಿಸ್ಟ್ ಎಂಬ ಎರಡು ಪಕ್ಷಗಳೂ ಈ ಕಲಹದಿಂದ ಹುಟ್ಟಿದವು.

ಎರಡು ಅವಧಿಗಳ ನಂತರ ವಾಷಿಂಗ್ಟನ್ ತಾನಾಗಿ ಅಧಿಕಾರವನ್ನು ಬಿಟ್ಟುದು ಆತನು ಗೆದ್ದ ಯುದ್ಧಕ್ಕಿಂತ ದೊಡ್ಡ ಸೇವೆಯೆಂದು ಭಾವಿಸಲು ಅವಕಾಶವಿದೆ. ಯಾವ ನಿಯಮವೂ ಆಗ ಅದನ್ನು ವಿಧಿಸಿರಲಿಲ್ಲ. ಆತನ ನಂತರ ಅಧ್ಯಕ್ಷನಾದ ಜಾನ್ ಆಡಮ್ಸನ ಕಾಲದಲ್ಲಿ, 1798ರಲ್ಲಿ, ಸರ್ಕಾರದ ನಿಂದನೆಯನ್ನು ಶಿಕ್ಷಾರ್ಹವಾಗಿಸಿದ ರಾಜದ್ರೋಹ ಶಾಸನ ಹಕ್ಕುಗಳ ಪಟ್ಟಿಯನ್ನು ಏಳೇ ವರ್ಷಗಳಲ್ಲಿ ಅಣಕಿಸಿತು. ಅದರ ಕೆಳಗೆ ಸೆರೆಮನೆಗೆ ಹೋದ ವರ್ಮಾಂಟಿನ ಮ್ಯಾಥ್ಯೂ ಲಯನ್ ಎಂಬ ಸದಸ್ಯನನ್ನು ಜನರು ಸೆರೆಯಲ್ಲಿರುವಾಗಲೇ ಮರಳಿ ಕಾಂಗ್ರೆಸ್ಸಿಗೆ ಆರಿಸಿ ಕಳುಹಿಸಿದರು. 1800ರ ಚುನಾವಣೆಯಲ್ಲಿ ಜೆಫರ್ಸನ್ನನಿಗೂ ಆತನ ಪಕ್ಷದವನೇ ಆದ ಏರನ್ ಬರ್ರನಿಗೂ ತಲಾ 73 ಮತಗಳು ಬಂದು, ಪ್ರತಿನಿಧಿ ಸಭೆ 36 ಬಾರಿ ಮತ ತೆಗೆದುಕೊಂಡ ಮೇಲೆ ಜೆಫರ್ಸನ್ ಅಧ್ಯಕ್ಷನಾದನು. ಅಧಿಕಾರ ಒಂದು ಪಕ್ಷದಿಂದ ಎದುರುಪಕ್ಷಕ್ಕೆ ರಕ್ತಪಾತವಿಲ್ಲದೆ ದಾಟಿತು.

ನ್ಯಾಯಪೀಠದ ಅಧಿಕಾರ

ಅಧಿಕಾರ ಬಿಡುವ ಮುನ್ನ ಆಡಮ್ಸನು ತನ್ನ ಪಕ್ಷದವರನ್ನು ನ್ಯಾಯಾಧಿಕಾರಗಳಿಗೆ ನೇಮಿಸಿದಾಗ, ವಿಲಿಯಂ ಮಾರ್ಬರಿಯೆಂಬವನ ನೇಮಕಪತ್ರಕ್ಕೆ ಮೊಹರು ಬಿದ್ದರೂ ಅದು ಅವನ ಕೈಸೇರಲಿಲ್ಲ. ವಿದೇಶವ್ಯವಹಾರದ ಹೊಸ ಕಾರ್ಯದರ್ಶಿ ಮ್ಯಾಡಿಸನ್ ಅದನ್ನು ಕೊಡಲೊಪ್ಪಲಿಲ್ಲ. 1803ರ ಫೆಬ್ರವರಿ 24ರಂದು ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ತೀರ್ಪಿತ್ತನು: ಮಾರ್ಬರಿಗೆ ಹಕ್ಕುಂಟು, ಆದರೆ ನೇರವಾಗಿ ಈ ನ್ಯಾಯಾಲಯಕ್ಕೆ ಬರಲು ಅವನಿಗೆ ಅವಕಾಶವಿತ್ತ, ಕಾಂಗ್ರೆಸ್ಸು 1789ರಲ್ಲಿ ಮಾಡಿದ ನ್ಯಾಯಾಂಗ ಶಾಸನದ ವಿಧಿಯೇ ರಾಜ್ಯಾಂಗಕ್ಕೆ ವಿರುದ್ಧ, ಆದುದರಿಂದ ಅಸಿಂಧು. ಅಲ್ಪಲಾಭವನ್ನು ಬಿಟ್ಟುಕೊಟ್ಟು ಮಹಾಧಿಕಾರವನ್ನು ಸ್ಥಾಪಿಸಿದ ಈ ತೀರ್ಪಿನಿಂದ, ರಾಜ್ಯಾಂಗದ ಅರ್ಥವನ್ನು ನಿರ್ಣಯಿಸುವ ಕೊನೆಯ ಮಾತು ನ್ಯಾಯಪೀಠದ್ದೆಂದಾಯಿತು. ಭಾರತದ ಸಂವಿಧಾನವು ಈ ಅಧಿಕಾರವನ್ನು ಊಹೆಗೆ ಬಿಡದೆ 13ನೆಯ ಮತ್ತು 32ನೆಯ ಅನುಚ್ಛೇದಗಳಲ್ಲಿ ಸ್ಪಷ್ಟವಾಗಿ ಬರೆದುಕೊಂಡಿದೆ. ಆದರೆ ಮಂಗಳೂರಿನಲ್ಲಿ ಶಾಲಾವಿದ್ಯಾಭ್ಯಾಸ ಮಾಡಿದ, ನಮ್ಮ ಸಂವಿಧಾನಸಭೆಯ ಸಲಹೆಗಾರರಾದ ಬೆನಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರನ್ನು ಕಂಡಾಗ, ನ್ಯಾಯಾಧೀಶರಿಗೆ ಮಿತಿಯಿಲ್ಲದ ವಿವೇಚನೆಯನ್ನು ಕೊಡುವ, ಅಲ್ಲಿನ ರಾಜ್ಯಾಂಗದ ಡ್ಯೂ ಪ್ರಾಸೆಸ್ ಎಂಬ ಪದಪುಂಜವನ್ನು ಅನುಸರಿಸಬೇಡಿರೆಂದು ಅವರಿಂದ ಸಲಹೆ ಪಡೆದು ಬಂದರು. 21ನೆಯ ಅನುಚ್ಛೇದದ ಭಾಷೆ ಆ ಎಚ್ಚರದ ಫಲ.

ಎಚ್ಚರಕ್ಕೆ ಆಧಾರವಿದ್ದಿತು. ಮಾರ್ಷಲ್ ಗಳಿಸಿಕೊಟ್ಟ ಅಧಿಕಾರದಿಂದ ಸರ್ವೋಚ್ಚ ನ್ಯಾಯಾಲಯವು ಕಾಂಗ್ರೆಸ್ಸಿನ ಶಾಸನವೊಂದನ್ನು ಎರಡನೆಯ ಬಾರಿ ತಳ್ಳಿಹಾಕಿದುದು 1857ರಲ್ಲಿ, ಡ್ರೆಡ್ ಸ್ಕಾಟನೆಂಬ ಗುಲಾಮನ ಮೊಕದ್ದಮೆಯಲ್ಲಿ. ಆಫ್ರಿಕ ಮೂಲದವರು ಅಮೆರಿಕದ ಪೌರರಾಗಲಾರರೆಂದು ಅದೇ ತೀರ್ಪು ಸಾರಿತು. ಫಿಲಡೆಲ್ಫಿಯದಲ್ಲಿ ಮುಂದೂಡಿದ ಪ್ರಶ್ನೆಯನ್ನು ಶಾಸನಸಭೆಯಾಗಲಿ ನ್ಯಾಯಪೀಠವಾಗಲಿ ಬಗೆಹರಿಸಲಾರದೆ, 1861ರಿಂದ 1865ರವರೆಗಿನ ಅಂತರ್ಯುದ್ಧವೇ ಬಗೆಹರಿಸಬೇಕಾಯಿತು. ಗುಲಾಮಗಿರಿಯನ್ನು ರದ್ದುಮಾಡಿದ ಹದಿಮೂರನೆಯ ತಿದ್ದುಪಡಿ 1865ರಲ್ಲಿ ಜಾರಿಗೆ ಬಂದಿತು. ಮತದಾನದಲ್ಲಿ ಸ್ತ್ರೀಪುರುಷಭೇದವನ್ನು ನಿಷೇಧಿಸಿದ ತಿದ್ದುಪಡಿ 1920ರಲ್ಲಿ. ಆ ನೆಲದ ಮೂಲನಿವಾಸಿಗಳೆಲ್ಲರನ್ನೂ ಅಮೆರಿಕದ ಪೌರರೆಂದು ಅಂಗೀಕರಿಸಿದ ಕಾಯಿದೆ 1924ರಲ್ಲಿ.